ಎರಡಲಗಿನ ಮಡಚುಚಾಕು: ಕೊಳ್ಳುವ ಮುಂಚೆ, ಕೊಂಡ ಮೇಲೆ

ಪ್ರಶ್ನೆ: ಜೇಬಿನಲ್ಲಿ ಇಟ್ಟುಕೊಳ್ಳಲು, ಒಂದು ದೊಡ್ಡ ಅಲಗು ಒಂದು ಸಣ್ಣ ಅಲಗು ಇರುವ ಮಡಚುಚಾಕು ಬೇಕು. ಕ್ರಾಫರ್ಡ್ ಮಾರ್ಕೆಟ್ ಸುತ್ತ ಹುಡುಕಿದೆ. ಎಲ್ಲವೂ ಒಂದೇ ಥರ ಹೊಳೆಯುತ್ತವೆ, ಎಲ್ಲದರ ಮೇಲೂ ‘ಸ್ಟೇನ್‌ಲೆಸ್’ ಎಂದಿದೆ, ಬೆಲೆ ಮಾತ್ರ ಹತ್ತು ಪಟ್ಟು ಆಚೀಚೆ. ಒಳ್ಳೆಯದನ್ನು ಗುರುತಿಸುವುದು ಹೇಗೆ?
— ಓದುಗರೊಬ್ಬರು, ಡೊಂಬಿವಿಲಿ

ಉತ್ತರ: ಅಲಗಿಗಿಂತ ಮೊದಲು ಹಿಡಿಯ ಬೆನ್ನು ನೋಡಿ. ಉದ್ದಕ್ಕೂ ಒಂದು ಉಕ್ಕಿನ ಪಟ್ಟಿ ಕಾಣುತ್ತದಲ್ಲ, ಅದೇ ಸ್ಪ್ರಿಂಗ್. ಈ ಜಾತಿಯ ಚಾಕುವಿಗೆ ಲಾಕ್ ಇರುವುದಿಲ್ಲ. ಬಿಚ್ಚಿದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ, ಮಡಚಿದ್ದು ಜೇಬಿನಲ್ಲಿ ಬಿಚ್ಚಿಕೊಳ್ಳದಂತೆ ತಡೆಯುವುದು ಆ ಪಟ್ಟಿಯ ಒತ್ತಡವೊಂದೇ. ಅಗ್ಗದ ಚಾಕು ಸೋಲುವುದೂ ಅಲ್ಲೇ. ಅಲಗು ಮೊಂಡಾದರೆ ಸಾಣೆ ಹಿಡಿಯಬಹುದು, ಸ್ಪ್ರಿಂಗ್ ಸತ್ತರೆ ಚಾಕು ಸತ್ತಂತೆಯೇ.

ಅಂಗಡಿಯವರಿಂದ ಒಂದೇ ಮಾದರಿಯ ನಾಲ್ಕು ಚಾಕು ಹೊರಗೆ ತೆಗೆಸಿ. ಅಗ್ಗದ ಮಾಲಾದರೆ ನಾಲ್ಕೂ ನಾಲ್ಕು ಥರ ಇರುತ್ತವೆ, ಅದೇ ಮೊದಲ ಸುಳಿವು. ಅಲಗಿನ ಉಗುರುಗೀರಿಗೆ ಹೆಬ್ಬೆರಳಿನ ಉಗುರು ಕೊಟ್ಟು ನಿಧಾನ ಎಳೆಯಿರಿ. ಶುರುವಿಗೆ ಬಿಗಿ, ಆಮೇಲೆ ಸಲೀಸು, ಕೊನೆಗೆ ‘ಟಕ್’ ಎಂದು ಕೂರಬೇಕು. ಶಬ್ದವೇ ಇಲ್ಲದೆ ಜೋಲುತ್ತ ಬಂದರೆ ಸ್ಪ್ರಿಂಗ್ ಬಲಹೀನ. ಉಗುರು ಕಿತ್ತುಬರುವಷ್ಟು ಬಿಗಿ ಇದ್ದರೂ ಬೇಡ. ಅಂಥದ್ದು ನಾಲ್ಕು ದಿನಕ್ಕೆ ಡ್ರಾಯರ್ ಸೇರುತ್ತದೆ. ಈಗ ಬೆನ್ನ ಮೇಲೆ ಬೆರಳು ಓಡಿಸಿ. ಅಲಗು ಬಿಚ್ಚಿದಾಗಲೂ ಮಡಚಿದಾಗಲೂ ಸ್ಪ್ರಿಂಗ್ ಅಕ್ಕಪಕ್ಕದ ತಗಡಿನ ಸಮಕ್ಕೇ ಇದ್ದರೆ ಕೆಲಸಗಾರ ಅಲಗಿನ ಬುಡವನ್ನು ಲೆಕ್ಕ ಹಾಕಿ ತೇದಿದ್ದಾನೆ. ಚಾಕುವನ್ನು ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿಯಿರಿ: ಸ್ಪ್ರಿಂಗಿಗೂ ತಗಡಿಗೂ ನಡುವೆ ಬೆಳಕು ಹಾಯಬಾರದು. ಆ ಸಂದಿಯಲ್ಲೇ ಮುಂದೆ ನೀರು, ಹಣ್ಣಿನ ರಸ ಇಳಿಯುವುದು.

ಹಲವರಿಗೆ ಗೊತ್ತಿಲ್ಲದ ಇನ್ನೊಂದು ಪರೀಕ್ಷೆ ಇದೆ. ಬಿಲ್ಲಿನ ಕಾಗದದಿಂದ ಸಪೂರ ಪಟ್ಟಿಯೊಂದನ್ನು ಹರಿದು, ಅಲಗು ಕೂರುವ ಸಂದಿಯ ತಳಕ್ಕೆ ತೂರಿ, ಅಲಗನ್ನು ಮೆಲ್ಲಗೆ ಮಡಚಿ. ಕಾಗದ ತುಂಡಾದರೆ ಅಲಗಿನ ಬಾಯಿ ಸ್ಪ್ರಿಂಗಿಗೆ ತಾಗುತ್ತಿದೆ. ಅಲಗಿನ ಬುಡದಲ್ಲಿ ಹಿಮ್ಮಡಿಯಂಥ ಒಂದು ಉಬ್ಬು ಇರುತ್ತದೆ. ಮಡಚಿದಾಗ ಅದು ಮೊದಲು ಸ್ಪ್ರಿಂಗಿನ ಮೇಲೆ ಕೂತು ಬಾಯಿಯನ್ನು ಎತ್ತಿ ಹಿಡಿಯಬೇಕು. ಉಬ್ಬು ಕಮ್ಮಿಯಾಗಿದ್ದರೆ ನೀವು ಎಷ್ಟೇ ಹರಿತ ಮಾಡಿದರೂ ಪ್ರತಿ ಸಲ ಮಡಚುವಾಗ ಅದೇ ಜಾಗ ಮೊಂಡಾಗುತ್ತದೆ.

ಎರಡು ಅಲಗಿನ ಚಾಕುವಿನಲ್ಲಿ ಮುಖ್ಯವಾಗಿ ಎರಡು ರೀತಿ. ಎರಡು ತುದಿಗೆ ಒಂದೊಂದು ಅಲಗು ಇದ್ದು ನಡುವೆ ಒಂದೇ ಸ್ಪ್ರಿಂಗ್ ಎರಡನ್ನೂ ಒತ್ತುವುದು ಒಂದು. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ, ಮಡಚಿದಾಗ 84 ಮಿ.ಮೀ. ಉದ್ದದ ‘ಪಾಕೆಟ್ ಪ್ಯಾಲ್’ ಇಂಥದ್ದು. ತೆಳ್ಳಗಿರುತ್ತದೆ, ಅಂಗಿಯ ಜೇಬಿಗೂ ಆಗುತ್ತದೆ. ಆದರೆ ಎರಡೂ ಅಲಗನ್ನು ಒಟ್ಟಿಗೆ ಅರ್ಧ ತೆರೆದು ಬಿಡಬೇಡಿ, ಸ್ಪ್ರಿಂಗ್ ಎರಡೂ ಕಡೆ ಮೇಲೆದ್ದು ದಣಿಯುತ್ತದೆ. ಇನ್ನೊಂದರಲ್ಲಿ ಎರಡೂ ಅಲಗು ಒಂದೇ ತುದಿಯಲ್ಲಿ, ಒಂದೊಂದಕ್ಕೆ ಒಂದೊಂದು ಸ್ಪ್ರಿಂಗ್. ಅಮೆರಿಕದ ಕೇಸ್ ಕಂಪನಿಯ ‘ಟ್ರ್ಯಾಪರ್’ ಈ ಬಗೆಯದು. ಅದರ ಒಂದು ಅಲಗಿಗೆ ಚೂಪು ಮೊನೆ, ಇನ್ನೊಂದರ ಮೊನೆ ಮೊಂಡು. ದನಕರುಗಳ ಬೀಜ ತೆಗೆಯಲೆಂದು ಹುಟ್ಟಿದ ಆಕಾರ ಅದು, ಬೇಡದ ಕಡೆ ಚುಚ್ಚಬಾರದಲ್ಲ! ಗಟ್ಟಿ ನಿಜ, ಆದರೆ ಲೋಕಲ್ ರೈಲಿನಲ್ಲಿ ಓಡಾಡುವವರ ಜೇಬಿಗೆ ಭಾರ. ಹಣ್ಣು, ಹಗ್ಗ, ಪಾರ್ಸೆಲ್ ಟೇಪಿಗೆ ಮೊದಲ ಬಗೆಯೇ ಸಾಕು ಎಂಬುದು ನಮ್ಮ ಅಭಿಪ್ರಾಯ.

ಉಕ್ಕಿನ ಮಾತು. ಡಬ್ಬಿಯ ಮೇಲೆ ಬರೀ ‘440’ (ಸ್ಟೇನ್‌ಲೆಸ್ ಉಕ್ಕಿನ ಒಂದು ದರ್ಜೆ) ಎಂದಿದ್ದರೆ ಮರುಳಾಗಬೇಡಿ. 440ಎ ಉಕ್ಕಿನಲ್ಲಿ ಇಂಗಾಲ ಶೇ. 0.60ರಿಂದ 0.75; 440ಸಿಯಲ್ಲಿ ಶೇ. 0.95ರಿಂದ 1.20. ಹರಿತ ಎಷ್ಟು ದಿನ ನಿಲ್ಲುತ್ತದೆ ಎಂಬುದು ಬಹುಮಟ್ಟಿಗೆ ಇದರ ಮೇಲೆ, ಉಕ್ಕನ್ನು ಕಾಯಿಸಿ ತಣಿಸಿ ಹದ ಹಾಕಿದ ರೀತಿಯ ಮೇಲೆ. 440ಸಿ ಹಾಕಿದವರು ಆ ‘ಸಿ’ ಅಕ್ಷರ ಬರೆಯಲು ಮರೆಯುವುದಿಲ್ಲ. ವಿಕ್ಟೋರಿನಾಕ್ಸ್ ಅಲಗಿನ ಗಡಸುತನ ರಾಕ್‌ವೆಲ್ ಮಾಪಕದಲ್ಲಿ ಸುಮಾರು 56, ಅಂದರೆ ಮಧ್ಯಮ. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಮನೆಯ ಕಲ್ಲಿನಲ್ಲೇ ಹರಿತವೂ ಆಗುತ್ತದೆ. ನಕಲಿ ಬಹಳ ಇರುವುದರಿಂದ ಅಲಗಿನ ಬುಡದ ಮುದ್ರೆ ಸ್ಪಷ್ಟವಾಗಿದೆಯೇ, ಮಾಸಲಾಗಿದೆಯೇ ನೋಡಿ, ಬಿಲ್ಲು ಕೇಳಿ.

ಪ್ರಶ್ನೆ: ಸೈಕಲ್ ಮೇಲೆ ಬರುವ ಸಾಣೆಯವನಿಗೆ ಕೊಟ್ಟಿದ್ದೆ. ಎರಡು ದಿನ ಚೆನ್ನಾಗಿತ್ತು, ಈಗ ಟೊಮೆಟೊ ಸಹ ಕುಯ್ಯುವುದಿಲ್ಲ. ಸಣ್ಣ ಅಲಗಿನ ಬಾಯಿಯಲ್ಲಿ ಚಕ್ಕೆಯೂ ಎದ್ದಿದೆ.
— ಓದುಗರೊಬ್ಬರು, ಚೆಂಬೂರು

ಉತ್ತರ: ಬಾಯಿಯ ಅಂಚಿನಲ್ಲಿ ನೀಲಿ ಛಾಯೆ ಇದೆಯೇ ನೋಡಿ. ಇದ್ದರೆ ಒಣ ಚಕ್ರದ ಬಿಸಿಗೆ ಉಕ್ಕಿನ ಹದ ಇಳಿದಿದೆ. ಆ ಭಾಗ ಸವೆಯುವವರೆಗೆ ಹರಿತ ನಿಲ್ಲದು. ಚಕ್ಕೆ ಎದ್ದದ್ದು ಬಹುಶಃ ಅಡಿಕೆಯಂಥ ಗಟ್ಟಿ ವಸ್ತು ಕುಯ್ದದ್ದರಿಂದ. ಅಡಿಕೆಗೆ ಅಡಕತ್ತರಿಯೇ ಸರಿ, ತೆಳು ಅಲಗಿಗೆ ಅಷ್ಟು ಗಟ್ಟಿ ವಸ್ತುವಿನಲ್ಲಿ ತಿರುಚು ಬಿದ್ದರೆ ಬಾಯಿ ಮುರಿಯುತ್ತದೆ.

ಮನೆಯಲ್ಲೇ ಮಾಡಿ. 1000 ಗ್ರಿಟ್ (ಕಣದ ನಯದ ಅಳತೆ) ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲಿಡಿ. ಕೋನ ಹಿಡಿಯಲು ಸುಲಭ ಉಪಾಯ: ಎರಡು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದಿಟ್ಟರೆ ಸುಮಾರು 3 ಮಿ.ಮೀ. ಆಗುತ್ತದೆ. 12 ಮಿ.ಮೀ. ಅಗಲದ ದೊಡ್ಡ ಅಲಗಿನ ಬೆನ್ನನ್ನು ಅಷ್ಟು ಎತ್ತಿದರೆ ಸುಮಾರು 15 ಡಿಗ್ರಿ. ಎತ್ತರ ಅಂದಾಜಾದ ಮೇಲೆ ನಾಣ್ಯ ತೆಗೆದುಬಿಡಿ. ಅದೇ ಎತ್ತರದಲ್ಲಿ 8 ಮಿ.ಮೀ. ಅಗಲದ ಸಣ್ಣ ಅಲಗಿಗೆ 22 ಡಿಗ್ರಿ ಬರುತ್ತದೆ, ಅದು ಒಳ್ಳೆಯದೇ: ಸಣ್ಣ ಅಲಗನ್ನು ದಪ್ಪ ಬಾಯಿಯದ್ದಾಗಿ ಒರಟು ಕೆಲಸಕ್ಕೆ, ದೊಡ್ಡದನ್ನು ಹಣ್ಣಿಗೆ ಮೀಸಲಿಡಿ. ಒಂದು ಬದಿ ತಿಕ್ಕಿದಾಗ ಎದುರು ಬದಿಗೆ ಬೆರಳಿಗೆ ಸಿಕ್ಕುವ ಸಣ್ಣ ದೊರಗು ಏಳುತ್ತದೆ. ಅದು ಬುಡದಿಂದ ಮೊನೆಯವರೆಗೆ ಬಂದ ಮೇಲಷ್ಟೇ ಮಗ್ಗುಲು ಬದಲಿಸಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಹಿಮ್ಮುಖವಾಗಿ (ಬೆನ್ನು ಮುಂದೆ, ಬಾಯಿ ಹಿಂದೆ) ಹತ್ತು ಸಲ ಸವರಿ.

ಪ್ರಶ್ನೆ: ಮಳೆಗಾಲ ಮುಗಿಯುವುದರೊಳಗೆ ಕೀಲು ಬಿಗಿದು ಕಂದು ಚುಕ್ಕೆ ಬಿದ್ದಿದೆ. ಕೊಬ್ಬರಿ ಎಣ್ಣೆ ಬಿಟ್ಟೆ, ಇನ್ನೂ ಅಂಟಾಯಿತು.
— ಓದುಗರೊಬ್ಬರು, ವಾಸ್ಕೊ

ಉತ್ತರ: ಸಮುದ್ರದ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಕೂಡ ಪೂರ್ತಿ ತಡೆದುಕೊಳ್ಳದು. ಬೆಚ್ಚಗಿನ ಸೋಪುನೀರಿನಲ್ಲಿ ಮುಳುಗಿಸಿ, ನೀರಿನೊಳಗೇ ಹತ್ತಿಪ್ಪತ್ತು ಸಲ ಬಿಚ್ಚಿ ಮಡಚಿ; ಕೊಳೆ ಹೊರಬರುತ್ತದೆ. ಎರಡೂ ಅಲಗು ತೆರೆದಿಟ್ಟು ಫ್ಯಾನಿನಡಿ ಪೂರ್ತಿ ಒಣಗಿಸಿ. ಕೀಲಿಗೆ ಒಂದೊಂದು ಹನಿ ಲಿಕ್ವಿಡ್ ಪ್ಯಾರಾಫಿನ್ ಬಿಡಿ. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಕಮಟು ವಾಸನೆ ಬರುವುದಿಲ್ಲ, ಹಣ್ಣಿಗೆ ತಾಗಿದರೂ ಚಿಂತೆಯಿಲ್ಲ. ಕೊಬ್ಬರಿ ಎಣ್ಣೆ ಅಲಗಿಗೆ ಅಂಟಿದ ಹಲಸಿನ ಮೇಣ ಒರೆಸಲು ಮಾತ್ರ.

ಪ್ರಶ್ನೆ: ಪುಣೆಯಲ್ಲಿ ಇಂಥ ಚಾಕು ಜೇಬಿನಲ್ಲಿದ್ದರೆ ಪೊಲೀಸರು ಹಿಡಿಯುತ್ತಾರೆಯೇ?
— ಓದುಗರೊಬ್ಬರು, ಕೊಥ್ರೂಡ್

ಉತ್ತರ: ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು, ಇಂಥ ಮಡಚುಚಾಕಿನ ಎರಡೂವರೆ ಇಂಚಿನ ಅಲಗು ಅದರಲ್ಲಿಲ್ಲ. ಆದರೆ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಹೊರಡಿಸುವ ಆದೇಶಗಳಲ್ಲಿ ಚಾಕು ಹಿಡಿದು ಓಡಾಡುವುದನ್ನೂ ನಿಷೇಧಿಸಬಹುದು. ಆದೇಶ ಜಾರಿಯಲ್ಲಿರುವ ದಿನಗಳಲ್ಲಿ, ಗಣಪತಿ ಮೆರವಣಿಗೆಯಂಥ ಜನಜಂಗುಳಿಗೆ ಹೋಗುವಾಗಲಂತೂ, ಮನೆಯಲ್ಲೇ ಬಿಡಿ. ವಿಮಾನಕ್ಕಾದರೆ ಕೈಚೀಲದಲ್ಲಿ ಬೇಡ, ಕೌಂಟರಿನಲ್ಲಿ ಒಪ್ಪಿಸುವ ಸೂಟ್‌ಕೇಸಿಗೆ ಹಾಕಿ.