ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರಬಹುದು ಅಂತ ಅನುಮಾನ, ಕೈಯಲ್ಲಿ ಸಾಕ್ಷಿ ಇಲ್ಲ. ದೂರು ಕೊಡಬಹುದಾ?

ಟ್ಯೂಷನ್‌ಗೆ ಬರುವ ಮಗು ಏನೋ ಹೇಳಿತು, ಮೊದಲು ಸಾಕ್ಷಿ ಸೇರಿಸುತ್ತೇನೆ ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ನಾನೂ ಅದನ್ನೇ ಮಾಡಿದ್ದೆ.

ನನ್ನ ಹತ್ತಿರ ಲೆಕ್ಕ ಕಲಿಯಲು ಬರುತ್ತಿದ್ದ ಮಗು ಒಂದು ಸಂಜೆ ಮನೆಗೆ ಹೋಗಲ್ಲ ಅಂತ ಕೂತುಬಿಟ್ಟಿತು. ಸಂಬಂಧಿಕನೊಬ್ಬನ ಬಗ್ಗೆ ಎರಡು ಮಾತು ಹೇಳಿತು. ಪೊಲೀಸರಿಗೆ ಅಷ್ಟೇ ಸಾಕಿತ್ತು. ನನಗೆ ಸಾಕಾಗಲಿಲ್ಲ. ಸುಳ್ಳಾದರೆ ಒಂದು ಸಂಸಾರ ಹಾಳಾಗುತ್ತದಲ್ಲ ಅಂತ ಭಯ. ಪಾಠ ಮುಗಿದ ಮೇಲೆ ಕೂರಿಸಿಕೊಂಡು ಕೇಳುತ್ತಾ ಹೋದೆ. ಯಾವತ್ತು? ಎಲ್ಲಿ? ಆಗ ಅಮ್ಮ ಎಲ್ಲಿದ್ದರು? ಸಾಲದ್ದಕ್ಕೆ 'ಹೀಗೆ ಮಾಡಿದನಾ?' ಅಂತ ನಾನೇ ಮಾತು ಹಾಕಿಕೊಟ್ಟೆ. ಹೂಂ ಅಂದಿತು. ಮರುದಿನ ಕೇಳಿದರೆ ಇಲ್ಲ ಅಂದಿತು. ದೊಡ್ಡವರು ಒಂದನ್ನೇ ತಿರುಗಿ ತಿರುಗಿ ಕೇಳಿದರೆ, ತಾನು ಮೊದಲು ಹೇಳಿದ್ದು ತಪ್ಪೇನೋ ಅಂತ ಮಗುವಿಗೆ ಅನಿಸುತ್ತದೆ. ನಮ್ಮ ಮುಖ ನೋಡಿ ನಮಗೆ ಬೇಕಾದ ಉತ್ತರ ಕೊಡುತ್ತದೆ. ಇದು ಆಗ ನನಗೆ ಹೊಳೆಯಲೇ ಇಲ್ಲ. ಕೊನೆಗೆ ದೂರು ಕೊಟ್ಟಾಗ ಮಗುವಿನ ಮಾತು ಯಾವುದು, ನಾನು ಹಾಕಿಕೊಟ್ಟಿದ್ದು ಯಾವುದು ಅಂತ ಬೇರೆ ಮಾಡಲು ಆಗಲಿಲ್ಲ. ಕೋರ್ಟಿನಲ್ಲಿ ಆತನ ವಕೀಲರು ಹಿಡಿದದ್ದೂ ಅದನ್ನೇ: 'ಟೀಚರ್ ಹೇಳಿಕೊಟ್ಟಿದ್ದಾರೆ.' ಆತ ಬಿಡುಗಡೆ ಆದ.

ದೂರು ಕೊಡಬಹುದಾ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಕೊಡಲೇಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು ಇರುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ನೋಡಿ. ಅಪರಾಧ ನಡೆದದ್ದು ಗೊತ್ತಿದ್ದರೂ, ನಡೆಯಬಹುದು ಎಂಬ ಆತಂಕ ಇದ್ದರೂ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರಿಗೆ ಅದೇ ಸೆಕ್ಷನ್ ರಕ್ಷಣೆಯನ್ನೂ ಕೊಡುತ್ತದೆ. ಸಾಕ್ಷಿ ತನ್ನಿ ಅಂತ ಎಲ್ಲೂ ಹೇಳಿಲ್ಲ.

ಮಗುವನ್ನು ಕೇಳುವುದು ಪೊಲೀಸರ ಕೆಲಸ. ಅದಕ್ಕೂ ರೀತಿ ಇದೆ: ಮಗುವಿನ ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ, ಯೂನಿಫಾರ್ಮ್ ಹಾಕದೆ, ಆದಷ್ಟು ಮಟ್ಟಿಗೆ ಮಹಿಳಾ ಎಸ್‌ಐ ಬಂದು ಹೇಳಿಕೆ ಬರೆದುಕೊಳ್ಳಬೇಕು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಷಯ ಹೋಗಬೇಕು. 2019ರ ತಿದ್ದುಪಡಿಯಲ್ಲಿ ಗಲ್ಲು ಶಿಕ್ಷೆ ಸೇರಿಸಿದರಲ್ಲ, ಜನ ಮಾತಾಡುವುದೆಲ್ಲ ಅದನ್ನೇ. ನನಗೆ ಕೇಳಿದರೆ, 2020ರ ನಿಯಮಗಳಲ್ಲಿರುವ 'ಬೆಂಬಲ ವ್ಯಕ್ತಿ' ಅದಕ್ಕಿಂತ ದೊಡ್ಡ ವಿಷಯ. ತನಿಖೆಯಿಂದ ವಿಚಾರಣೆವರೆಗೂ ಮಗುವಿನ ಜೊತೆ ನಿಲ್ಲಲು ಸಮಿತಿಯೇ ನೇಮಿಸುವ ವ್ಯಕ್ತಿ. ಸಮಿತಿಯನ್ನು ಕೇಳಿ ಪಡೆಯಿರಿ.

ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದು ತಾರೀಕು ಹಾಕಿ. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲವೇ ನೇರವಾಗಿ ಠಾಣೆಗೆ ಹೋಗಿ. ಮಗು ತಾನಾಗಿ ಮಾತಾಡಿದರೆ ಕೇಳಿಸಿಕೊಳ್ಳಿ, ನೀವಾಗಿ ಏನೂ ಕೇಳಬೇಡಿ.