800 ವರ್ಷ ಹಳೆಯ ಜರ್ಮನ್ ಕಥೆಗಳಲ್ಲಿ ಸಂಶೋಧನೆ ಮಾಡೋಕೆ ಇನ್ನೇನು ಉಳಿದಿದೆ?

ನಿಮ್ಮ ತಂಗಿ ಮಧ್ಯಯುಗದ ಜರ್ಮನ್ ಸಾಹಿತ್ಯ ಓದಲು ಹೊರಟಿದ್ದಾಳೆ, ಎಲ್ಲ ಅಚ್ಚಾಗಿ ಅನುವಾದವೂ ಆಗಿರುವಾಗ ಅಲ್ಲಿ ಸಂಶೋಧನೆ ಅಂತ ಏನು ಮಾಡ್ತಾರೆ ಅಂತ ಕೇಳಿದ್ದೀರಿ. ನಾನು ಅದೇ ವಿಷಯದಲ್ಲಿ ಎಂ.ಎ. ಮಾಡಿದವನು. ಮೊದಲ ಸೆಮಿಸ್ಟರ್‌ನಲ್ಲಿ ನನಗೂ ಇದೇ ಅನುಮಾನ ಇತ್ತು.

ಕಥೆಯ ಅರ್ಥ ಏನು ಅನ್ನೋದು ಆಮೇಲಿನ ಮಾತು. ಕಥೆ ಯಾವುದು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ.

'ನಿಬೆಲುಂಗೆನ್‌ಲೀಡ್' ಕಾವ್ಯವನ್ನೇ ತೆಗೆದುಕೊಳ್ಳಿ. 1200ರ ಆಸುಪಾಸಿನಲ್ಲಿ, ಡ್ಯಾನ್ಯೂಬ್ ದಂಡೆಯ ಪಸ್ಸಾವ್ ಕಡೆ ಹುಟ್ಟಿದ್ದು ಅಂತ ಹೆಚ್ಚಿನವರು ಒಪ್ಪುತ್ತಾರೆ. ಕವಿಯ ಹೆಸರು ಗೊತ್ತಿಲ್ಲ, ಅವನ ಕೈಬರಹದ ಪ್ರತಿಯೂ ಇಲ್ಲ. ಇರುವುದೆಲ್ಲ ನಕಲು. ತುಂಡುಹಾಳೆಗಳನ್ನೂ ಸೇರಿಸಿದರೆ 30ಕ್ಕೂ ಜಾಸ್ತಿ. ಮುಖ್ಯವಾದವು ಮೂರು, ಮೂರೂ 13ನೇ ಶತಮಾನದವು. ಮ್ಯೂನಿಕ್‌ನಲ್ಲಿರುವುದು ಎ ಪ್ರತಿ, ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್ ಮಠದ ಲೈಬ್ರರಿಯಲ್ಲಿರುವುದು ಬಿ, ಕಾರ್ಲ್ಸ್‌ರೂಹೆಯಲ್ಲಿರುವುದು ಸಿ. ನಮ್ಮ ತಾಳೆಗರಿ ಪ್ರತಿಗಳ ಪಾಠಾಂತರದ ಜಗಳ ನೋಡಿದವರಿಗೆ ಇದೇನೂ ಹೊಸದಲ್ಲ ಬಿಡಿ.

ವ್ಯತ್ಯಾಸ ಎಷ್ಟರಮಟ್ಟಿಗೆ ಅಂತೀರಾ? ಕೊನೆಯ ದೃಶ್ಯ ನೋಡಿ. ಕ್ರೀಮ್‌ಹಿಲ್ಡ್ ತನ್ನ ಗಂಡ ಜೀಗ್‌ಫ್ರೀಡ್‌ನನ್ನು ಕೊಂದ ಹಾಗೆನ್‌ನನ್ನು ಸೆರೆಹಿಡಿಸಿದ್ದಾಳೆ. ನನ್ನಿಂದ ಕಿತ್ತುಕೊಂಡದ್ದನ್ನು ವಾಪಸ್ ಕೊಡು ಅನ್ನುತ್ತಾಳೆ. ನನ್ನ ಒಡೆಯರಲ್ಲಿ ಒಬ್ಬ ಬದುಕಿರುವ ತನಕ ನಿಧಿ ಎಲ್ಲಿದೆ ಅಂತ ಹೇಳೋದಿಲ್ಲ, ಹಾಗಂತ ಆಣೆ ಮಾಡಿದ್ದೇನೆ ಅನ್ನುತ್ತಾನೆ ಅವನು. ಅವಳು ಸ್ವಂತ ಅಣ್ಣನೂ ಹಾಗೆನ್‌ನ ಒಡೆಯನೂ ಆದ ಗುಂಟರ್‌ನ ತಲೆ ಕಡಿಸಿ, ಜುಟ್ಟು ಹಿಡಿದು ತಂದು ಹಾಗೆನ್ ಮುಂದೆ ನಿಲ್ಲುತ್ತಾಳೆ. ಈಗ ಆ ಜಾಗ ದೇವರಿಗೆ, ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ನಿನಗಂತೂ ಹೇಳಲ್ಲ ಅನ್ನುತ್ತಾನೆ ಹಾಗೆನ್. ಬಿ ಪ್ರತಿ ಓದುವಾಗ ಮೈ ಜುಂ ಅನ್ನುತ್ತದೆ. ಇವಳು ಹೆಂಗಸೋ ರಾಕ್ಷಸಿಯೋ ಅನಿಸುತ್ತದೆ, ಹಾಗೆನ್ ಧೀರನಾಗಿ ಕಾಣುತ್ತಾನೆ.

ಸಿ ಪ್ರತಿಯಲ್ಲಿ ಇಲ್ಲೊಂದು ಪದ್ಯ ಜಾಸ್ತಿ ಇದೆ. ತಾನು ಹೇಗೂ ಉಳಿಯೋದಿಲ್ಲ ಅಂತ ಹಾಗೆನ್‌ಗೆ ಗೊತ್ತಿತ್ತಂತೆ. ತಾನು ಸತ್ತ ಮೇಲೆ ಅವಳು ಅಣ್ಣನನ್ನು ಊರಿಗೆ ಬಿಟ್ಟುಬಿಟ್ಟರೆ ಅನ್ನೋ ಭಯ ಅವನಿಗಂತೆ. ಇದಕ್ಕಿಂತ ದೊಡ್ಡ ದ್ರೋಹ ಉಂಟೇ ಅಂತ ಕಥೆ ಹೇಳುವವನೇ ಕೇಳುತ್ತಾನೆ. ಒಂದೇ ಪದ್ಯಕ್ಕೆ ಇಡೀ ದೃಶ್ಯ ತಿರುಗಿಬಿತ್ತು ನೋಡಿ. ಆ ಆಣೆಯ ಮಾತು ಒಡೆಯನನ್ನು ಕೊಲ್ಲಿಸುವ ಉಪಾಯ ಆಯ್ತು. ಯಾರೋ ಒಬ್ಬ ಕ್ರೀಮ್‌ಹಿಲ್ಡ್ ಪರವಾಗಿ ನಿಂತು ಕಥೆಯನ್ನು ತಿದ್ದಿದ್ದಾನೆ. ಕೊನೆಯ ಸಾಲೂ ಬೇರೆ. ಬಿ 'ಇದು ನಿಬೆಲುಂಗರ ನೋಟ್' ಅಂತ ಮುಗಿಯುತ್ತದೆ, ಅಂದರೆ ಸಂಕಟ (ಕಾವ್ಯದ ಉತ್ತರಾರ್ಧದಲ್ಲಿ ಗುಂಟರ್ ಕಡೆಯವರಿಗೇ ನಿಬೆಲುಂಗರು ಅನ್ನುತ್ತಾರೆ). ಸಿ 'ಇದು ನಿಬೆಲುಂಗರ ಲಿಯೆಟ್' ಅನ್ನುತ್ತದೆ, ಅಂದರೆ ಹಾಡು. ನಾವಿಂದು ಹೇಳುವ ಹೆಸರು ಬಂದಿದ್ದು ಸಿ ಕಡೆಯಿಂದ.

1826ರಲ್ಲಿ ಈ ಕಾವ್ಯ ಸಂಪಾದಿಸಿದ ಕಾರ್ಲ್ ಲಾಖ್‌ಮನ್ ಅತಿ ಚಿಕ್ಕದಾದ ಎ ಪ್ರತಿಯೇ ಮೂಲಕ್ಕೆ ಹತ್ತಿರ ಅಂದರು. ಆಮೇಲಿನವರು ಬಿ ಅಂದರು. 1996ರಲ್ಲಿ ಯೋಆಖಿಮ್ ಬುಮ್ಕೆ ಅನ್ನೋ ಜರ್ಮನ್ ವಿದ್ವಾಂಸರು, ಈ ಕಾವ್ಯದ ಬೆನ್ನಿಗೇ ಬರುವ 'ಕ್ಲಾಗೆ' ಅನ್ನೋ ಇನ್ನೊಂದು ಕಾವ್ಯದ ಪ್ರತಿಗಳನ್ನು ಹಿಡಿದು, ಮೂಲ ಹುಡುಕುವ ಹಠ ಬಿಡಿ, ಒಂದೊಂದು ರೂಪಕ್ಕೂ ಅದರದೇ ಬೆಲೆ ಇದೆ ಅಂತ ವಾದಿಸಿದರು. ನನಗೆ ಈ ವಾದವೇ ಸರಿ ಅನಿಸುತ್ತದೆ.

ಕವಿಗಳ ಬದುಕು ಹುಡುಕಹೊರಟರೆ ಕಥೆ ಇನ್ನೂ ಬಡವು. ಆ ಕಾಲದ ದೊಡ್ಡ ಹಾಡುಗಾರ ವಾಲ್ಟರ್ ಫಾನ್ ಡೆರ್ ಫೋಗೆಲ್‌ವೈಡೆ ಬಗ್ಗೆ, ಕವಿತೆಗಳನ್ನು ಬಿಟ್ಟರೆ, ಅವನು ಬದುಕಿದ್ದಾಗಿನ ದಾಖಲೆ ಸಿಕ್ಕಿರುವುದು ಒಂದೇ. ಪಸ್ಸಾವ್‌ನ ಬಿಷಪ್ ವೋಲ್ಫ್‌ಗರ್‌ನ ಪ್ರಯಾಣದ ಖರ್ಚಿನ ಲೆಕ್ಕ. 1203ರ ನವೆಂಬರ್ 12ರಂದು ತುಪ್ಪಳದ ಕೋಟಿಗೆಂದು ಹಾಡುಗಾರ ವಾಲ್ಟರ್‌ಗೆ 5 ಸೊಲಿಡಸ್ (ಆ ಕಾಲದ ಹಣ) ಕೊಟ್ಟಿದ್ದಾರೆ. ಅಷ್ಟೇ. ನಿಬೆಲುಂಗೆನ್‌ಲೀಡ್ ಬರೆಸಿದವನೂ ಇದೇ ಬಿಷಪ್ ಇರಬಹುದು ಅಂತ ಹಲವರ ಊಹೆ.

ತಂಗಿಗೆ ಒಂದು ಕಿವಿಮಾತು: ಇವತ್ತಿನ ಜರ್ಮನ್ ಗೊತ್ತು ಅಂತ ಧೈರ್ಯ ಮಾಡೋದು ಬೇಡ. ಕಾವ್ಯದ ಪ್ರಸಿದ್ಧ ಮೊದಲ ಪದ್ಯದಲ್ಲಿ 'ಆರೆಬೈಟ್' ಅಂತ ಬರುತ್ತದೆ. ಈಗಿನ 'ಆರ್‌ಬೈಟ್' ಅಂದುಕೊಂಡು ನಾನು ಕ್ಲಾಸಿನಲ್ಲಿ 'ವೀರರ ದೊಡ್ಡ ಕೆಲಸ' ಅಂತ ಓದಿದೆ. ಎಲ್ಲರೂ ನಕ್ಕರು. ಆಗ ಅದರ ಅರ್ಥ ಪಾಡು, ಕಷ್ಟ. ಅದೇ ಪದ್ಯದ 'ಹೋಖ್‌ಗೆತ್ಸೀಟ್' ಈಗಿನ ಹಾಗೆ ಬರೀ ಮದುವೆ ಅಲ್ಲ, ಯಾವ ಹಬ್ಬವೂ ಆಗಬಹುದು. ಪೂರ್ತಿ ಹೊಸ ಪದಕ್ಕೆ ನಿಘಂಟು ತೆಗೀತೀವಿ. ಗೊತ್ತಿರುವಂತೆ ಕಾಣುವ ಪದಕ್ಕೆ ಯಾರು ತೆಗೀತಾರೆ, ಅಲ್ವಾ?

ಬಿ ಪ್ರತಿಯ ಫೋಟೋಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಸಾಂಕ್ಟ್ ಗಾಲೆನ್ 857 ಅಂತ ಹುಡುಕಿದರೆ ಸಾಕು. ಮೊದಲಿಗೆ 'ಪಾರ್ಟ್ಸಿಫಾಲ್' ಅನ್ನೋ ಬೇರೊಂದು ಕಾವ್ಯ ಬರುತ್ತದೆ, ಅದನ್ನು ದಾಟಿ ನಿಬೆಲುಂಗರ ಕಥೆ ಶುರುವಾಗುವ ಪುಟಕ್ಕೆ ಹೋಗಿ ಈಗ ಹೇಳಿದ ಆ ಮೊದಲ ಪದ್ಯವನ್ನು ಹುಡುಕಲು ಹೇಳಿ. ಸಿಗೋದಿಲ್ಲ. ಬಿ ಪ್ರತಿಯಲ್ಲಿ ಅದು ಇಲ್ಲವೇ ಇಲ್ಲ, ಅಚ್ಚಿನ ಪುಸ್ತಕಗಳಿಗೆ ಬೇರೆ ಪ್ರತಿಗಳಿಂದ ತಂದು ಸೇರಿಸಿದ್ದಾರೆ.