ಪ್ರೊಸೆಸರ್ ವೇಗ ಹೆಚ್ಚಿಸಲು ಭಯ!

ಪ್ರಶ್ನೆ: ಡೆಸ್ಕ್‌ಟಾಪ್ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡುವ, ಅಂದರೆ ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವ ಆಸೆ. ಸುಟ್ಟುಹೋದರೆ ಎಂಬ ಭಯ. ಹೇಗೆ ಶುರು ಮಾಡಲಿ?

ಉತ್ತರ: ಭಯ ಒಳ್ಳೆಯದೇ, ಆತುರ ತಪ್ಪಿಸುತ್ತದೆ. ಇಂಟೆಲ್ ಆದರೆ ಮಾದರಿ ಸಂಖ್ಯೆಯ ಕೊನೆಗೆ ‘ಕೆ’ (K) ಇದೆಯಾ ನೋಡಿ, ಇದ್ದರೆ ಓವರ್‌ಕ್ಲಾಕ್ ಮಾಡಬಹುದು. ಮದರ್‌ಬೋರ್ಡಿಗೂ ಆ ಸೌಲಭ್ಯ ಇರಬೇಕು. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಮಲ್ಟಿಪ್ಲೈಯರನ್ನು, ಅಂದರೆ ಮೂಲ ವೇಗವನ್ನು ಗುಣಿಸುವ ಸಂಖ್ಯೆಯನ್ನು, ಒಂದೊಂದೇ ಏರಿಸಿ. 45 ಇದ್ದದ್ದು 46 ಆದರೆ ವೇಗ 4.5ರಿಂದ 4.6 ಗಿಗಾಹರ್ಟ್ಸ್ ಆಗುತ್ತದೆ, ಅಷ್ಟೆ. ಪ್ರತಿ ಸಲ ಅರ್ಧ ಗಂಟೆ ಪ್ರೈಮ್95 ಓಡಿಸಿ, ಅದು ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ತಂತ್ರಾಂಶ. ಬಿಸಿ 85 ಡಿಗ್ರಿ ದಾಟಿದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ವೋಲ್ಟೇಜ್ ಮಾತ್ರ ಸುಮ್ನೆ ಏರಿಸಬೇಡಿ. ಚಿಪ್ಪಿಗೆ ನಿಜವಾದ ಅಪಾಯ ಅದೇ. ಮೊದಲ ಸಲ ನಾನು ಅದನ್ನು ‘ಆಟೋ’ದಲ್ಲೇ ಬಿಟ್ಟಿದ್ದೆ. ಬೋರ್ಡು ತಾನಾಗಿ ಜಾಸ್ತಿ ಕೊಟ್ಟಿತ್ತು, ಫ್ಯಾನು ಒಂದೇ ಸಮನೆ ಕಿರುಚುತ್ತಿತ್ತು. ಕಂಪ್ಯೂಟರ್ ಆನ್ ಆಗದಿದ್ದರೆ ಗಾಬರಿ ಬೇಡ. ಸಿಮಾಸ್ (ಬಯಾಸ್ ಸೆಟ್ಟಿಂಗ್ ಉಳಿಸಿಕೊಳ್ಳುವ ಮೆಮೊರಿ) ಕ್ಲಿಯರ್ ಮಾಡಿದರೆ ಕಂಪನಿಯ ಮೂಲ ಸೆಟ್ಟಿಂಗ್ ವಾಪಸ್ ಬರುತ್ತದೆ.